ಗೆರೆಯನ್ನು ಓದುವುದು ಹೇಗೆ?

ಎಂ.ಎ. ಓದುತ್ತಿದ್ದಾಗ ನಮ್ಮ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಿಂದ ಎರಡು ಕೋಣೆ ಆಚೆಗೆ ಒಬ್ಬ ಗೆಳೆಯನಿದ್ದ. ಹುಟ್ಟಿನಿಂದಲೇ ಕಣ್ಣು ಕಾಣದವನು. ಮಲೆನಾಡಿನವನು, ಮಾತುಗಾರ. ಅವನು ಬರೆದ ನಾಲ್ಕೈದು ಪರೀಕ್ಷೆಗಳಿಗೆ ನಾನು ಸ್ಕ್ರೈಬ್ ಆಗಿ ಹೋಗಿದ್ದೆ. ಸ್ಕ್ರೈಬ್ ಕೆಲಸ ಕೇಳಲು ಸುಲಭ: ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು, ಅವನು ಹೇಳಿದ ಉತ್ತರವನ್ನು ಹಾಗೇ ಬರೆಯುವುದು. ನಮ್ಮ ಬುದ್ಧಿವಂತಿಕೆ ಅಲ್ಲಿ ಬೇಡ. ಇತಿಹಾಸದ ಪತ್ರಿಕೆಗಳಲ್ಲಿ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆಯಾದದ್ದು ಒಂದು ಭಾನುವಾರದ ನೇಮಕಾತಿ ಪರೀಕ್ಷೆಯಲ್ಲಿ, ಲೆಕ್ಕದ ಭಾಗದಲ್ಲಿ.

ಎಕ್ಸ್‌ನ ಬೆಲೆ 12 ಆದಾಗ ಒಂದು ಬೀಜೋಕ್ತಿಯ ಬೆಲೆ ಎಷ್ಟು ಎಂಬುದು ಪ್ರಶ್ನೆ. ಹಾಳೆಯಲ್ಲಿ ಮೇಲೆ ಎಕ್ಸ್ ಪ್ಲಸ್ 6 ಎಂದಿತ್ತು, ಅದರ ಕೆಳಗೆ ಉದ್ದಕ್ಕೂ ಒಂದು ಗೆರೆ, ಗೆರೆಯ ಕೆಳಗೆ 3. ನಾನು ಓದಿದ್ದು ಹೀಗೆ: “ಎಕ್ಸ್ ಪ್ಲಸ್ ಆರು ಬೈ ಮೂರು.” ಅವನು ಒಂದು ಕ್ಷಣ ಬೆರಳು ಮಡಚಿ, “ಹದಿನಾಲ್ಕು” ಎಂದ. ನಾಲ್ಕು ಆಯ್ಕೆಗಳಲ್ಲಿ 14 ಇತ್ತು. 6 ಕೂಡ ಇತ್ತು. ನಾನು 14ರ ಎದುರಿನ ವೃತ್ತವನ್ನು ಕಪ್ಪು ಮಾಡಿದೆ.

ಹಿಂತಿರುಗುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು. ಆರನ್ನು ಮಾತ್ರ ಮೂರರಿಂದ ಭಾಗಿಸಿ 12ಕ್ಕೆ ಕೂಡಿದರೆ 14. ಹನ್ನೆರಡು ಮತ್ತು ಆರನ್ನು ಕೂಡಿಸಿ ಮೂರರಿಂದ ಭಾಗಿಸಿದರೆ 6. ಹಾಳೆಯಲ್ಲಿದ್ದದ್ದು ಎರಡನೆಯದು, ನನ್ನ ಬಾಯಿಂದ ಬಂದದ್ದು ಮೊದಲನೆಯದು. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನನ್ನ ಕಣ್ಣು ನೋಡಿತ್ತು, ಬಾಯಿ ಹೇಳಿರಲಿಲ್ಲ. ರಾತ್ರಿ ಊಟದ ಹೊತ್ತಿಗೆ ತಡೆಯಲಾರದೆ ಅವನಿಗೆ ಹೇಳಿದೆ. ಅವನು ಅನ್ನ ಕಲಸುತ್ತಲೇ, “ಬಿಡು ಮಾರಾಯ. ನೀನು ಓದಿದ್ದಕ್ಕೆ ನನ್ನ ಉತ್ತರ ಸರಿಯೇ ಇತ್ತಲ್ಲ” ಎಂದ.

ಆ ಮಾತು ಈಗಲೂ ನನ್ನ ಜೊತೆಗಿದೆ. ನಾನು ಈಗ ಸಂಶೋಧನೆ ಮಾಡುತ್ತಿರುವುದು ಶಿಕ್ಷಣದ ಇತಿಹಾಸದ ಮೇಲೆ. ಮುಖ್ಯ ವಿಷಯದ ಬದಿಯಲ್ಲೇ ನಾನು ಮತ್ತೆ ಮತ್ತೆ ಹೊಕ್ಕು ಬರುವ ಒಂದು ಓಣಿಯಿದೆ: ಕಣ್ಣು ಕಾಣದವರಿಗೆ ಗಣಿತ ಕಷ್ಟ ಎಂದು ನಾವು ಹೇಳುತ್ತೇವಲ್ಲ, ಕಷ್ಟ ನಿಜವಾಗಿ ಎಲ್ಲಿದೆ? ಅವರ ಕಣ್ಣಿನಲ್ಲೋ, ಗಣಿತದಲ್ಲೋ, ಅಥವಾ ನಾವು ಗಣಿತವನ್ನು ಬರೆಯುವ ಮತ್ತು ಓದುವ ರೀತಿಯಲ್ಲೋ? ಇವತ್ತು ಶಾಲೆಗಳಿಗೆ ಸ್ಮಾರ್ಟ್ ಬೋರ್ಡು, ಟ್ಯಾಬ್, ಸ್ಕ್ರೀನ್ ರೀಡರ್ ಬರುತ್ತಿರುವ ಹೊತ್ತಿನಲ್ಲಿ ಈ ಪ್ರಶ್ನೆಗೆ ಸ್ವಲ್ಪ ಹಿಂದಿನಿಂದ ಉತ್ತರ ಹುಡುಕಬೇಕು ಅನ್ನಿಸುತ್ತದೆ.

ಕಿವಿಯ ಗಣಿತ, ಕಣ್ಣಿನ ಗಣಿತ

ಗಣಿತ ಯಾವಾಗಲೂ ಕಣ್ಣಿನದೇ ಆಗಿರಲಿಲ್ಲ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಬರೆದದ್ದು ಸಂಸ್ಕೃತ ಪದ್ಯಗಳಲ್ಲಿ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಸೂತ್ರಗಳನ್ನು ಪದ್ಯದಲ್ಲಿ ಹೇಳುತ್ತಿದ್ದುದು ಅವು ಬಾಯಲ್ಲಿ ನಿಲ್ಲಲಿ ಎಂದು. ಲೆಕ್ಕ ಬಿಡಿಸುವಾಗ ಧೂಳು ಹರಡಿದ ಹಲಗೆಯ ಮೇಲೋ ನೆಲದ ಮೇಲೋ ಅಂಕಿಗಳನ್ನು ಬರೆಯುತ್ತಿದ್ದರು, ನಿಜ. ಆದರೆ ನಿಯಮ ಮಾತ್ರ ಕಿವಿಯಿಂದ ಕಿವಿಗೆ ಹೋಗುತ್ತಿತ್ತು.

ಅಷ್ಟು ಹಿಂದೆ ಹೋಗುವುದೂ ಬೇಡ. ಮಠದ ಐಗಳು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಮಗ್ಗಿಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಇತ್ತು. ನಮ್ಮ ಅಜ್ಜ ಎಂಟನೇ ಒಂದಕ್ಕೆ ‘ಅರೆಕಾಲು’ ಎನ್ನುತ್ತಿದ್ದರು, ಹದಿನಾರನೇ ಒಂದಕ್ಕೆ ‘ವೀಸ’. ಅಂಗಡಿಯ ಮುಂದೆ ನಿಂತು ಬಾಯಿಲೆಕ್ಕದಲ್ಲೇ ಮುಗಿಸುತ್ತಿದ್ದರು. ‘ಮುಕ್ಕಾಲು’ ಎಂದರೆ ಮುಕ್ಕಾಲು. ಅದಕ್ಕೆ ಗೆರೆ ಬೇಕಿಲ್ಲ, ಗೆರೆಯ ಮೇಲೆ ಏನು ಕೆಳಗೆ ಏನು ಎಂದು ಕೇಳಬೇಕಾಗಿಲ್ಲ. ಈ ಪದಗಳಿಂದ ಬೀಜಗಣಿತ ಮಾಡಲು ಆಗುವುದಿಲ್ಲ ಎಂಬುದೂ ಅಷ್ಟೇ ನಿಜ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವುದು ನನ್ನ ವಾದವಲ್ಲ. ಗಣಿತವನ್ನು ಕಿವಿಗೆ ತಲುಪಿಸುವ ಭಾಷೆಯೊಂದು ನಮ್ಮಲ್ಲಿ ಇತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ಯುರೋಪಿನಲ್ಲಿ ಬೀಜಗಣಿತ ಚಿಹ್ನೆಗಳ ಭಾಷೆಯಾದದ್ದು ನಿಧಾನವಾಗಿ. ರಾಬರ್ಟ್ ರೆಕಾರ್ಡ್ ಎರಡು ಸಮಾನಾಂತರ ಗೆರೆಗಳ ಸಮಚಿಹ್ನೆಯನ್ನು ಅಚ್ಚಿನಲ್ಲಿ ಬಳಸಿದ್ದು 1557ರಲ್ಲಿ. ದೆಕಾರ್ತ್ 1637ರ ತನ್ನ ರೇಖಾಗಣಿತದ ಪುಸ್ತಕದಲ್ಲಿ ಘಾತವನ್ನು ಅಕ್ಷರದ ಬಲಮೇಲ್ಭಾಗದಲ್ಲಿ ಸಣ್ಣ ಅಂಕಿಯಾಗಿ ಬರೆದ. ಈ ಬರವಣಿಗೆ ಗಣಿತಕ್ಕೆ ದೊಡ್ಡ ವೇಗ ಕೊಟ್ಟಿತು. ಅರ್ಧ ಪುಟದ ಮಾತು ಒಂದು ಸಾಲಿಗೆ ಇಳಿಯಿತು. ಆದರೆ ಆ ಸಾಲು ಮಾತಿನ ಸಾಲಿನಂತಿರಲಿಲ್ಲ. ಮಾತು ಒಂದರ ಹಿಂದೆ ಒಂದರಂತೆ ಬರುತ್ತದೆ. ಗಣಿತದ ಬರಹ ಮೇಲೆ, ಕೆಳಗೆ, ಪಕ್ಕದಲ್ಲಿ, ಒಳಗೆ ಎಂದು ಹರಡಿಕೊಳ್ಳುತ್ತದೆ. ಅಂಕಿಯೊಂದು ಎಲ್ಲಿ ಕುಳಿತಿದೆ ಎನ್ನುವುದೇ ಅದರ ಅರ್ಥ. ಕಣ್ಣಿಗೆ ಇದು ಅನುಕೂಲ. ಕಿವಿಗೆ ಬಾಗಿಲು ಮುಚ್ಚಿದ್ದು ಇಲ್ಲಿ.

ಗುಂಡುಸೂಜಿಯ ಹಲಗೆ

ಹೀಗೆ ಬಾಗಿಲು ಮುಚ್ಚಿದ ಕೆಲವೇ ದಶಕಗಳಲ್ಲಿ ಅದನ್ನು ತಟ್ಟಿದವನು ನಿಕೊಲಸ್ ಸಾಂಡರ್ಸನ್. 1682ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಈತನಿಗೆ ಒಂದು ವರ್ಷದ ಸುಮಾರಿನಲ್ಲಿ ಸಿಡುಬು ಬಂದು ಎರಡೂ ಕಣ್ಣು ಹೋದವು. 1707ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ವಿದ್ಯಾರ್ಥಿಯಾಗಿ ಅಲ್ಲ, ಪಾಠ ಹೇಳಲು. 1711ರಲ್ಲಿ, ಹಿಂದೆ ನ್ಯೂಟನ್ ಕುಳಿತಿದ್ದ ಲುಕೇಸಿಯನ್ ಗಣಿತ ಪೀಠಕ್ಕೇ ಪ್ರಾಧ್ಯಾಪಕನಾದ. ಪದವಿ ಇರಲಿಲ್ಲ, ರಾಣಿ ಆನ್‌ಳ ಆಜ್ಞೆಯಿಂದ ಎಂ.ಎ. ಕೊಡಿಸಿ ಕೂರಿಸಿದರು. ಬೆಳಕು, ಮಸೂರ, ಕಾಮನಬಿಲ್ಲುಗಳ ಬಗ್ಗೆಯೂ ಆತ ಪಾಠ ಮಾಡುತ್ತಿದ್ದ.

ಆತ ಲೆಕ್ಕ ಮಾಡುತ್ತಿದ್ದ ಸಾಧನದ ವಿವರ, ತೀರಿಕೊಂಡ ಮರುವರ್ಷ 1740ರಲ್ಲಿ ಪ್ರಕಟವಾದ ಅವನ ಬೀಜಗಣಿತದ ಪುಸ್ತಕದಲ್ಲಿದೆ. ಒಂದು ಹಲಗೆ, ಅದರ ತುಂಬ ಸಣ್ಣ ಚೌಕಗಳು, ಒಂದೊಂದು ಚೌಕದಲ್ಲಿ ಒಂಬತ್ತು ತೂತು: ನಡುವೆ ಒಂದು, ಸುತ್ತ ಎಂಟು. ದಪ್ಪ ತಲೆಯ ಮತ್ತು ಸಣ್ಣ ತಲೆಯ ಎರಡು ಬಗೆಯ ಗುಂಡುಸೂಜಿಗಳು. ನಡುವೆ ದಪ್ಪದ್ದೊಂದೇ ಇದ್ದರೆ ಸೊನ್ನೆ, ಸಣ್ಣದೊಂದೇ ಇದ್ದರೆ ಒಂದು. ದಪ್ಪದ್ದು ನಡುವೆ ಇದ್ದು ಸುತ್ತಲಿನ ಎಂಟು ತೂತುಗಳಲ್ಲಿ ಒಂದರಲ್ಲಿ ಸಣ್ಣದಿದ್ದರೆ, ಅದು ಯಾವ ತೂತು ಎಂಬುದರ ಮೇಲೆ ಎರಡರಿಂದ ಒಂಬತ್ತರವರೆಗಿನ ಅಂಕಿ. ಆತನ ಬೆರಳು ಹಲಗೆಯ ಮೇಲೆ ಓಡುತ್ತಿತ್ತು. ಸೂಜಿಗಳಿಗೆ ದಾರ ಸುತ್ತಿ ರೇಖಾಗಣಿತದ ಆಕೃತಿಗಳನ್ನೂ ಮಾಡಿಕೊಳ್ಳುತ್ತಿದ್ದ. ಎಲ್ಲಿ ಕುಳಿತಿದೆ ಎಂಬುದೇ ಅರ್ಥವಾಗುವ ಕಣ್ಣಿನ ಗುಟ್ಟನ್ನು ಅವನು ಬೆರಳಿಗೆ ದಾಟಿಸಿಕೊಂಡಿದ್ದ.

ಫ್ರೆಂಚ್ ಚಿಂತಕ ದಿದೆರೊ 1749ರಲ್ಲಿ ಕುರುಡರ ಬಗ್ಗೆ ಬರೆದ ಪ್ರಸಿದ್ಧ ಪತ್ರದಲ್ಲಿ ಸಾಂಡರ್ಸನ್‌ನ ಈ ಹಲಗೆಯನ್ನು ವಿವರವಾಗಿ ವರ್ಣಿಸುತ್ತಾನೆ. ಆ ಬರಹಕ್ಕಾಗಿ ಅವನು ಜೈಲಿಗೂ ಹೋಗಬೇಕಾಯಿತು. ಅದು ದೇವರ ಬಗ್ಗೆ ಅಲ್ಲಿ ಎತ್ತಿದ ಪ್ರಶ್ನೆಗಳ ಕತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಇನ್ನೊಂದು ಮಾತು. ಸಾಂಡರ್ಸನ್ ತನ್ನ ವಿದ್ಯಾರ್ಥಿಗಳಿಗೆ, ಅವರಿಗೂ ಕಣ್ಣಿಲ್ಲವೇನೋ ಎಂಬಂತೆ ಬಿಡಿಸಿ ಹೇಳುತ್ತಿದ್ದ. ಆದ್ದರಿಂದಲೇ ಕಣ್ಣಿರುವವರಿಗೆ ಅವನ ಪಾಠ ಇನ್ನೂ ಚೆನ್ನಾಗಿ ಹತ್ತುತ್ತಿತ್ತು ಎಂಬ ಅರ್ಥದ ಮಾತು ಅದು. ಸಮನ್ವಯ ಶಿಕ್ಷಣ ಎಂದು ನಾವು ಇಂದು ಕರೆಯುವುದರ ಒಳ್ಳೆಯ ವಿವರಣೆಗಳಲ್ಲಿ ಇದೂ ಒಂದು. ಅದು ಬಂದದ್ದು 18ನೇ ಶತಮಾನದಲ್ಲಿ!

ಸ್ಕ್ರೈಬ್ ಆಗಿದ್ದವನಿಗೆ ಇನ್ನೊಂದು ಕತೆಯೂ ಇಷ್ಟವಾಗುತ್ತದೆ. 1766ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹಿಂತಿರುಗಿದ ಸ್ವಲ್ಪ ಕಾಲದಲ್ಲೇ ಆಯ್ಲರ್‌ನ ದೃಷ್ಟಿ ಬಹುಪಾಲು ಹೋಯಿತು. ಆಮೇಲೂ ಅವನು ಬರೆಯುವುದನ್ನು ನಿಲ್ಲಿಸಲಿಲ್ಲ. ಬರೆಸಿದ, ಅಷ್ಟೆ. ಜರ್ಮನ್ ಭಾಷೆಯಲ್ಲಿ 1770ರಲ್ಲಿ ಬಂದ ಅವನ ಬೀಜಗಣಿತದ ಪುಸ್ತಕವನ್ನು, ದರ್ಜಿ ಕೆಲಸ ಕಲಿತಿದ್ದ ಸೇವಕನೊಬ್ಬನಿಗೆ ಹೇಳಿ ಬರೆಸಿದ ಎಂದು ಪ್ರತೀತಿ. ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಆ ಹುಡುಗನಿಗೂ ಬೀಜಗಣಿತ ಬಂದುಬಿಟ್ಟಿತಂತೆ. ಅಲ್ಲಿ ಹೇಳುವವನಿಗೆ ಕಣ್ಣಿರಲಿಲ್ಲ, ಬರೆಯುವವನಿಗೆ ಗಣಿತವಿರಲಿಲ್ಲ. ಹಾಗಿದ್ದೂ ಕೆಲಸ ನಡೆಯಿತು. ನನ್ನ ಭಾನುವಾರದ ಪರೀಕ್ಷೆಯಲ್ಲಿ ನಡೆಯದೆ ಹೋದದ್ದು ಯಾಕೆ ಎಂದು ಇದನ್ನು ಓದಿದಾಗಲೆಲ್ಲ ಕೇಳಿಕೊಳ್ಳುತ್ತೇನೆ.

ವಿನಾಯಿತಿ ಎಂಬ ದಯೆ

ಲೂಯಿ ಬ್ರೈಲ್ ತನ್ನ ಚುಕ್ಕಿಲಿಪಿಯನ್ನು 1829ರಲ್ಲಿ ಪ್ರಕಟಿಸಿದ. ಆರು ಚುಕ್ಕಿ, ಖಾಲಿ ಮನೆಯನ್ನು ಬಿಟ್ಟರೆ 63 ಜೋಡಣೆಗಳು. ಅಕ್ಷರಗಳಿಗೆ, ವಿರಾಮಗಳಿಗೆ ಅವು ಸಾಕು. ಗಣಿತದ ಚಿಹ್ನೆಗಳಿಗೆ ಸಾಲವು. ಅಂಕಗಣಿತಕ್ಕೆ ಇಂಗ್ಲೆಂಡಿನ ಯಾರ್ಕ್‌ನ ಅಂಧರ ಶಾಲೆಯಲ್ಲಿದ್ದ ವಿಲಿಯಂ ಟೇಲರ್ ಎಂಬ ಪಾದ್ರಿ 19ನೇ ಶತಮಾನದಲ್ಲಿ ಒಂದು ಚೌಕಟ್ಟನ್ನು ರೂಪಿಸಿದ. ಎಂಟು ಮೂಲೆಯ ತೂತುಗಳು. ಚೌಕಾಕಾರದ ಸಣ್ಣ ಲೋಹದ ಅಚ್ಚುಗಳು. ಅಚ್ಚನ್ನು ಎಂಟು ದಿಕ್ಕಿಗೆ ತಿರುಗಿಸಿ ಕೂರಿಸಬಹುದು, ತಲೆಕೆಳಗು ಮಾಡಿದರೆ ಮತ್ತೆ ಎಂಟು. ಒಂದೇ ಅಚ್ಚಿನಿಂದ 16 ಗುರುತುಗಳು. ಈ ಟೇಲರ್ ಫ್ರೇಮ್ ನಮ್ಮ ದೇಶದ ಅಂಧರ ಶಾಲೆಗಳಿಗೂ ಬಂತು, ಈಗಲೂ ಇದೆ. ನನ್ನ ಗೆಳೆಯ ಕೂಡಿ ಕಳೆಯಲು ಕಲಿತದ್ದು ಅದರಲ್ಲೇ. “ಒಂದು ಲೆಕ್ಕ ಮುಗಿದ ಕೂಡಲೇ ಎಲ್ಲ ಕಿತ್ತು ಡಬ್ಬಿಗೆ ಹಾಕಬೇಕು ಮಾರಾಯ. ನಿಮಗೆಲ್ಲ ಲೆಕ್ಕದ ನೋಟ್‌ಬುಕ್ ಅಂತ ಇರುತ್ತೆ. ನನಗೆ ಇರಲಿಲ್ಲ” ಎಂದು ಒಮ್ಮೆ ಹೇಳಿದ್ದ. ಮಾಡಿದ ಲೆಕ್ಕ ಉಳಿಯುವುದಿಲ್ಲ. ನಿನ್ನೆ ಎಲ್ಲಿ ತಪ್ಪಿದೆ ಎಂದು ಇವತ್ತು ಹಿಂತಿರುಗಿ ನೋಡುವಂತಿಲ್ಲ.

ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ದೇಶದ ಬೇರೆ ಬೇರೆ ಭಾಷೆಗಳ ಬ್ರೈಲ್ ಒಂದೇ ವ್ಯವಸ್ಥೆಗೆ ಬಂದು ‘ಭಾರತಿ ಬ್ರೈಲ್’ ಆದದ್ದು 1951ರಲ್ಲಿ. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲೇ ಓದಿಸುವ ಯೋಜನೆ ತಂದಿತು. ಹೀಗೆ ಶಾಲೆಯ ಬಾಗಿಲು ಒಂದೊಂದಾಗಿ ತೆರೆಯುತ್ತಿದ್ದಾಗಲೂ ಗಣಿತದ ಮುಂದೆ ಬಂದು ಎಲ್ಲರೂ ನಿಂತರು. ದಾರಿ ಹುಡುಕುವ ಬದಲು ಪರೀಕ್ಷಾ ಮಂಡಳಿಗಳು ಒಂದು ದಯೆ ತೋರಿಸಿದವು: ವಿನಾಯಿತಿ. ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಿ.

ಇದನ್ನು ಸುಮ್ಮನೆ ಬೈಯಲು ನನಗೆ ಮನಸ್ಸಿಲ್ಲ. ಕಲಿಸುವವರೇ ಇಲ್ಲದ ವಿಷಯದಲ್ಲಿ ಮಗುವನ್ನು ಫೇಲು ಮಾಡುವುದಕ್ಕಿಂತ ವಿನಾಯಿತಿ ಮೇಲು. ನನ್ನ ಗೆಳೆಯನೂ ಹತ್ತನೇ ತರಗತಿಯಲ್ಲಿ ಅದನ್ನೇ ತೆಗೆದುಕೊಂಡ, ಒಳ್ಳೆಯ ಅಂಕದಲ್ಲಿ ಪಾಸಾದ. ಆದರೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ನೌಕರಿಗೆ ಅರ್ಜಿ ಹಾಕಿದಾಗ ಪ್ರಶ್ನೆಪತ್ರಿಕೆಯಲ್ಲಿ ಲೆಕ್ಕದ ಭಾಗ ಇತ್ತು. ಅಲ್ಲಿ ವಿನಾಯಿತಿ ಇರಲಿಲ್ಲ. ಹದಿನೈದನೇ ವಯಸ್ಸಿನಲ್ಲಿ ಕೊಟ್ಟ ರಿಯಾಯಿತಿಯನ್ನು ಬದುಕು ಹೀಗೆ ಬಡ್ಡಿ ಸಮೇತ ವಾಪಸು ಕೇಳುತ್ತದೆ. ಹಾಸ್ಟೆಲ್ಲಿನಲ್ಲಿ ಕೂತು, ಸಿಕ್ಕವರ ಬಳಿ ಓದಿಸಿಕೊಂಡು, ಅವನು ಬೀಜಗಣಿತವನ್ನು ಮೊದಲಿನಿಂದ ಕಲಿತ. ಕಲಿತು ಹೋದ ಮೇಲೂ ನನ್ನ ಬಾಯಿ ಅವನಿಗೆ ಮೋಸ ಮಾಡಿತು. ಆಂಧ್ರದ ಶ್ರೀಕಾಂತ್ ಬೊಲ್ಲಾ ಹತ್ತನೇ ತರಗತಿಯ ಮೇಲೆ ವಿಜ್ಞಾನ ಓದಲು ನ್ಯಾಯಾಲಯಕ್ಕೇ ಹೋಗಬೇಕಾಯಿತು. ಮುಂದೆ ಅಮೆರಿಕದ ಎಂಐಟಿಯಲ್ಲಿ ಓದಿ ಉದ್ಯಮಿಯಾದರು. ಅವರ ಕತೆ ಸಿನಿಮಾ ಆಯಿತು. ಹೋಗದೆ ಉಳಿದವರ ಲೆಕ್ಕ ಯಾರ ಬಳಿಯೂ ಇಲ್ಲ.

ಓದಿ ಹೇಳುವವರಿಗೆ ಒಂದು ವ್ಯಾಕರಣ

ಅಬ್ರಹಾಂ ನೆಮೆತ್‌ಗೂ ಇದೇ ಬುದ್ಧಿವಾದ ಸಿಕ್ಕಿತ್ತು. 1918ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ, ಹುಟ್ಟು ಅಂಧ. ಗಣಿತ ನಿನಗೆ ಆಗದು ಎಂದು ಸಲಹೆ ಕೊಟ್ಟವರ ಮಾತು ಕೇಳಿ ಮನಶ್ಶಾಸ್ತ್ರ ಓದಿದ. ಕೆಲಸ ಸಿಗಲಿಲ್ಲ. ಹೆಂಡತಿಯ ಒತ್ತಾಸೆಯಿಂದ ಮತ್ತೆ ಗಣಿತಕ್ಕೆ ಮರಳಿದ. ಬ್ರೈಲ್‌ನಲ್ಲಿ ಮುಂದುವರಿದ ಗಣಿತ ಬರೆದುಕೊಳ್ಳಲು ಸರಿಯಾದ ವ್ಯವಸ್ಥೆ ಸಿಗದೆ, ತನಗಾಗಿ ತಾನೇ ಒಂದನ್ನು ಕಟ್ಟಿಕೊಂಡ. ಅದು 1952ರಲ್ಲಿ ‘ನೆಮೆತ್ ಕೋಡ್’ ಎಂದು ಪ್ರಕಟವಾಯಿತು, 1972ರಲ್ಲಿ ಪರಿಷ್ಕರಣೆಯಾಯಿತು. ಅದರ ಜೀವಾಳ ನಾನು ಬಸ್ಸಿನಲ್ಲಿ ಹೊಳೆಸಿಕೊಂಡ ವಿಷಯವೇ. ಭಿನ್ನರಾಶಿ ಶುರುವಾಗುವಲ್ಲಿ ಒಂದು ಗುರುತು, ಮುಗಿಯುವಲ್ಲಿ ಒಂದು ಗುರುತು. ಕಣ್ಣು ಗೆರೆಯ ಉದ್ದ ನೋಡಿ ತಿಳಿಯುವುದನ್ನು ಬೆರಳು ಈ ಎರಡು ಗುರುತುಗಳ ನಡುವೆ ತಿಳಿಯುತ್ತದೆ.

ನೆಮೆತ್ 1955ರಲ್ಲಿ ಡೆಟ್ರಾಯಿಟ್ ವಿಶ್ವವಿದ್ಯಾಲಯ ಸೇರಿ ಸುಮಾರು ಮೂವತ್ತು ವರ್ಷ ಕಣ್ಣಿರುವ ವಿದ್ಯಾರ್ಥಿಗಳಿಗೇ ಗಣಿತ ಕಲಿಸಿದ. ತನಗೆ ಪುಸ್ತಕ ಓದಿ ಹೇಳಲು ಬರುತ್ತಿದ್ದವರಿಗಾಗಿ ಒಂದು ಓದುವ ಕ್ರಮವನ್ನೂ ಹಾಕಿಕೊಟ್ಟ. ‘ಮ್ಯಾಥ್‌ಸ್ಪೀಕ್’ ಎಂದು ಅದರ ಹೆಸರು. ಭಿನ್ನ ಆರಂಭ ಎನ್ನಿ, ಮೇಲಿನದನ್ನು ಓದಿ, ಕೆಳಗಿನದನ್ನು ಓದಿ, ಭಿನ್ನ ಮುಕ್ತಾಯ ಎನ್ನಿ. ಓದುವವನಿಗೆ ಗಣಿತ ಗೊತ್ತಿರಬೇಕಾದ ಅಗತ್ಯವೇ ಇಲ್ಲ. ಕಂಡದ್ದನ್ನು ಕ್ರಮ ತಪ್ಪದೆ ಹೇಳಿದರೆ ಸಾಕು. ಆಯ್ಲರ್‌ನ ದರ್ಜಿ ಹುಡುಗನ ಕೆಲಸ ನಡೆದದ್ದು, ನನ್ನದು ನಡೆಯದಿದ್ದದ್ದು ಯಾಕೆ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದು. ಅಲ್ಲಿ ಹೇಗೆ ಹೇಳಬೇಕೆಂಬುದು ಗಣಿತ ಬಲ್ಲವನ ಕೈಯಲ್ಲಿತ್ತು. ಇಲ್ಲಿ ನನ್ನ ಕೈಯಲ್ಲಿತ್ತು, ನನಗೆ ಯಾರೂ ಕ್ರಮ ಹೇಳಿಕೊಟ್ಟಿರಲಿಲ್ಲ.

ಮುಂದೆ ಕಂಪ್ಯೂಟರುಗಳು ಗಣಿತವನ್ನು ಗಟ್ಟಿಯಾಗಿ ಓದಲು ಕಲಿತಾಗ ಅವುಗಳಿಗೆ ಸಿಕ್ಕ ಪಾಠಗಳಲ್ಲಿ ಇದೂ ಒಂದು. ಮನುಷ್ಯರ ಓದಿಗಾಗಿ ಮಾಡಿದ ವ್ಯಾಕರಣ ಯಂತ್ರಕ್ಕೂ ಹೊಂದಿತು.

ನಾಯಿಯ ಹೆಸರಿನ ಪ್ರಬಂಧ

ಈ ಕತೆಯಲ್ಲಿ ನಮ್ಮ ದೇಶದ ಒಬ್ಬರೂ ಇದ್ದಾರೆ. ಟಿ.ವಿ. ರಾಮನ್ ಪುಣೆಯಲ್ಲಿ ಬೆಳೆದವರು. ಗ್ಲಾಕೋಮಾದಿಂದ ಹದಿನಾಲ್ಕನೇ ವಯಸ್ಸಿಗೆ ಪೂರ್ತಿ ದೃಷ್ಟಿ ಹೋಯಿತು. ಪುಣೆ ವಿಶ್ವವಿದ್ಯಾಲಯದಲ್ಲಿ ಗಣಿತದ ಪದವಿ, ಬಾಂಬೆ ಐಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿ. ಐಐಟಿಯಲ್ಲಿ ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದವರು ಎನ್‌ಎಸ್‌ಎಸ್‌ನ ವಿದ್ಯಾರ್ಥಿ ಸ್ವಯಂಸೇವಕರು. ನನ್ನಂಥವರೇ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಅವರು ಸಲ್ಲಿಸಿದ ಪಿಎಚ್‌.ಡಿ. ಪ್ರಬಂಧದ ವಸ್ತು, ಗಣಿತದ ಬರಹವನ್ನು ಕಂಪ್ಯೂಟರು ಧ್ವನಿಯಲ್ಲಿ ಓದುವಂತೆ ಮಾಡುವುದು. ಅದರ ಹೆಸರು ‘ಆಸ್ಟರ್’. ಅವರ ಮಾರ್ಗದರ್ಶಿ ನಾಯಿಯ ಹೆಸರೂ ಅದೇ. ಗಣಿತಜ್ಞರು ಪುಸ್ತಕ ಅಚ್ಚು ಮಾಡಲು ‘ಲೇಟೆಕ್’ ಎಂಬ ವ್ಯವಸ್ಥೆ ಬಳಸುತ್ತಾರೆ. ಅದರಲ್ಲಿ ಭಿನ್ನರಾಶಿಯನ್ನು ಚಿತ್ರವಾಗಿ ಬಿಡಿಸುವುದಿಲ್ಲ. ಇದು ಭಿನ್ನರಾಶಿ, ಇದು ಅಂಶ, ಇದು ಛೇದ ಎಂದು ಸಾಲಾಗಿ ಬರೆಯುತ್ತಾರೆ. ಕಣ್ಣಿಗೆ ಚೆಂದವಾಗಿ ಕಾಣಲಿ ಎಂದು ಮಾಡಿದ್ದ ಆ ವ್ಯವಸ್ಥೆಯೊಳಗೆ ಕಿವಿಗೆ ಬೇಕಾದ ರಚನೆ ಅಡಗಿರುವುದನ್ನು ರಾಮನ್ ಕಂಡರು. ಆಸ್ಟರ್ ಘಾತವನ್ನು ಏರಿದ ಸ್ವರದಲ್ಲಿ ಹೇಳುತ್ತಿತ್ತು, ಕೆಳಗಿನ ಸೂಚ್ಯಂಕವನ್ನು ಇಳಿದ ಸ್ವರದಲ್ಲಿ. ದೊಡ್ಡ ಸಮೀಕರಣವಾದರೆ ಮೊದಲು ಅದರ ಹಂದರ ಕೇಳಿ, ಆಮೇಲೆ ಬೇಕಾದ ಭಾಗದೊಳಗೆ ಹೋಗಿ ಕೇಳಬಹುದಿತ್ತು. ನಾವು ಪುಟದ ಮೇಲೆ ಕಣ್ಣಾಡಿಸುತ್ತೇವಲ್ಲ, ಹಾಗೆ ಕಿವಿಯಾಡಿಸುವುದು.

ಅದೇ 1994ರಲ್ಲಿ ಸ್ಪೇನಿನ ಸಲಾಮಾಂಕಾದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಮ್ಮೇಳನ, ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಒಟ್ಟಿಗೆ ಕಲಿಯಬೇಕು ಎಂಬ ಘೋಷಣೆ ಹೊರಡಿಸಿತು. ಒಂದೇ ವರ್ಷದಲ್ಲಿ ಎರಡು ಬಾಗಿಲು. ಒಂದು ತರಗತಿಯದು, ಒಂದು ಸಮೀಕರಣದ್ದು. ಎರಡೂ ಒಟ್ಟಿಗೆ ತೆರೆದರೆ ಮಾತ್ರ ಮಗು ಗಣಿತದ ತರಗತಿಯೊಳಗೆ ಬಂದಂತೆ.

ಆಮೇಲಿನದು ನಿಧಾನದ ಕತೆ. ಅಂತರ್ಜಾಲದ ಪುಟಗಳಲ್ಲಿ ಗಣಿತವನ್ನು ರಚನೆ ಸಮೇತ ಬರೆಯುವ ‘ಮ್ಯಾಥ್‌ಎಂಎಲ್’ 1998ರಲ್ಲಿ ಮಾನ್ಯವಾಯಿತು. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ಯುವಕರ ಶ್ರಮದಿಂದ 2006ರಿಂದ ಬೆಳೆದ ‘ಎನ್‌ವಿಡಿಎ’ ಸ್ಕ್ರೀನ್ ರೀಡರ್ ಕಾಸಿಲ್ಲದೆ ಎಲ್ಲರಿಗೂ ಸಿಕ್ಕಿತು. ಆದರೆ ಜಗತ್ತಿನ ಹೆಚ್ಚು ಜನ ಬಳಸುವ ಕ್ರೋಮ್ ಬ್ರೌಸರ್ ಮ್ಯಾಥ್‌ಎಂಎಲ್‌ಅನ್ನು ಸರಿಯಾಗಿ ತೋರಿಸತೊಡಗಿದ್ದು 2023ರಲ್ಲಿ. ಸಾಂಡರ್ಸನ್, ಬ್ರೈಲ್, ನೆಮೆತ್, ರಾಮನ್, ಈ ಇಬ್ಬರು ಯುವಕರು... ಈ ದಾರಿಯಲ್ಲಿ ಮುಖ್ಯ ಹೆಜ್ಜೆಗಳನ್ನು ಇಟ್ಟವರು ಬಹುತೇಕ ಕಣ್ಣು ಕಾಣದವರೇ. ಬಾಗಿಲು ಮುಚ್ಚಿದ್ದು ಅವರಿಗೆ ಮಾತ್ರ ಗೊತ್ತಾಗಿತ್ತು ಎಂದು ಕಾಣುತ್ತದೆ.

ಕನ್ನಡದ ತರಗತಿಯಲ್ಲಿ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಮನ್ವಯ ಶಿಕ್ಷಣವನ್ನು ಸ್ಪಷ್ಟವಾಗಿ ಹೇಳುತ್ತದೆ. ಅಂಕಿಗಳೊಂದಿಗೆ ಒದ್ದಾಡುವ ಡಿಸ್‌ಕ್ಯಾಲ್ಕುಲಿಯಾದಂಥ ಕಲಿಕಾ ತೊಡಕನ್ನೂ ಅದು ಗುರುತಿಸಿದೆ. ಕಾನೂನು ಇದೆ, ಸಾಧನಗಳೂ ಇವೆ. ಹಾಗಾದರೆ ಇನ್ನೇನು ಎಂದು ಕೇಳಬಹುದು.

ಒಂದು ಸಂಜೆ ನಾನೂ ಗೆಳೆಯನೂ ಲ್ಯಾಪ್‌ಟಾಪ್ ಮುಂದೆ ಕೂತು ನೋಡಿದೆವು. ಮೊದಲು ಒಂದು ಹಳೆಯ ಪ್ರಶ್ನೆಪತ್ರಿಕೆ. ಹಳೆಯ ನುಡಿ ಅಕ್ಷರದಲ್ಲಿ ಟೈಪಿಸಿದ್ದು, ಯೂನಿಕೋಡ್ ಅಲ್ಲ. ಸ್ಕ್ರೀನ್ ರೀಡರಿಗೆ ಅದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಉಗುಳಿದಂತೆ ಓದಿತು. ಇಬ್ಬರೂ ನಕ್ಕೆವು. ಇನ್ನೊಂದು ಪಿಡಿಎಫ್, ಪುಸ್ತಕವನ್ನು ಸ್ಕ್ಯಾನ್ ಮಾಡಿದ್ದು. ಅದರಲ್ಲಿ ಇದ್ದದ್ದು ಚಿತ್ರ, ಅಕ್ಷರವಲ್ಲ. ಸ್ಕ್ರೀನ್ ರೀಡರ್ ಮೌನವಾಗಿತ್ತು. ಮೂರನೆಯದು, ಯೂನಿಕೋಡ್ ಕನ್ನಡದಲ್ಲಿ, ಭಿನ್ನರಾಶಿಯನ್ನು ರಚನೆ ಸಮೇತ ನಾವೇ ಬರೆದದ್ದು. ಕನ್ನಡ ವಾಕ್ಯವನ್ನು ಕನ್ನಡದ ಧ್ವನಿ ಓದಿತು, ಭಿನ್ನರಾಶಿ ಬಂದ ಕೂಡಲೇ ಇಂಗ್ಲಿಷಿಗೆ ಹೊರಳಿತು. ಆದರೂ ತಪ್ಪಿಲ್ಲದೆ ಓದಿತು. ಶುರುವನ್ನೂ ಹೇಳಿತು, ಮುಗಿದದ್ದನ್ನೂ ಹೇಳಿತು. ಅವನು, “ನಿನಗಿಂತ ಇದು ಎಷ್ಟೋ ವಾಸಿ” ಎಂದ.

ಡಿಜಿಟಲ್ ಆದದ್ದೆಲ್ಲ ತೆರೆದ ಬಾಗಿಲಲ್ಲ ಎಂಬುದು ಅವತ್ತು ಅರ್ಥವಾಯಿತು. ಸ್ಕ್ಯಾನ್ ಮಾಡಿದ ಪುಟವೂ ಡಿಜಿಟಲ್, ರಚನೆ ಸಮೇತ ಬರೆದ ಪುಟವೂ ಡಿಜಿಟಲ್. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಗೆರೆ ಬರೀ ಗೆರೆ, ಇನ್ನೊಂದರಲ್ಲಿ ಗೆರೆಗೆ ಅರ್ಥವಿದೆ.

ಕ್ಷೇತ್ರಕಾರ್ಯಕ್ಕೆ ಹೋದಾಗ ಎರಡು ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಒಂದರಲ್ಲಿ ಸ್ಮಾರ್ಟ್ ಬೋರ್ಡು ಇತ್ತು. ಮೇಷ್ಟ್ರು ಬರೆಯುತ್ತಾ, “ಇದನ್ನ ಇಲ್ಲಿಗೆ ತಂದ್ರೆ ಇದು ಹೋಗುತ್ತೆ, ಆಗ ಇದು ಬರುತ್ತೆ” ಎನ್ನುತ್ತಿದ್ದರು. ಕಣ್ಣು ಮುಚ್ಚಿಕೊಂಡು ಕೇಳಿದೆ. ಏನನ್ನು ಎಲ್ಲಿಗೆ ತಂದರು, ಏನು ಹೋಯಿತು, ಒಂದೂ ತಿಳಿಯಲಿಲ್ಲ. ಇನ್ನೊಂದರಲ್ಲಿ ಕರಿಹಲಗೆ, ಸೀಮೆಸುಣ್ಣ ಅಷ್ಟೆ. ಎರಡನೇ ಸಾಲಿನಲ್ಲಿ ದೃಷ್ಟಿ ಬಹಳ ಕಡಿಮೆಯಿದ್ದ ಹುಡುಗಿಯೊಬ್ಬಳಿದ್ದಳು. ಆ ಟೀಚರ್ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳುತ್ತಿದ್ದರು: “ಮೇಲೆ ಇಡೀ ಆವರಣ, ಎಕ್ಸ್ ಕೂಡಿಸು ಆರು. ಅಷ್ಟಕ್ಕೂ ಕೆಳಗೆ ಮೂರು.” ‘ಅಷ್ಟಕ್ಕೂ’ ಎಂಬ ಮಾತಿನ ಮೇಲೆ ಸ್ವಲ್ಪ ಒತ್ತು. ಪಾಠದ ನಡುವೆ ಬಾಗಿಲ ಪಕ್ಕದ ಹುಡುಗನೊಬ್ಬ ಎದ್ದು, “ಟೀಚರ್, ಹಂಗಾದ್ರೆ ಆರನ್ನ ಮಾತ್ರ ಭಾಗಿಸಬಾರದಾ?” ಎಂದು ಕೇಳಿದ. ಅವನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಅಲ್ಲಿಯವರೆಗೂ ಅವನು ಆರನ್ನು ಮಾತ್ರ ಭಾಗಿಸುತ್ತಿದ್ದನಂತೆ. ದಿದೆರೊ ಹೇಳಿದ್ದು ನನ್ನ ಕಣ್ಣೆದುರಿಗೇ ನಡೆದಿತ್ತು.

ಕನ್ನಡಕ್ಕೆ ಈಗ ಬೇಕಾದದ್ದು ಇನ್ನಷ್ಟು ಪರದೆಗಳಿಗಿಂತ ಮೊದಲು ಇಂಥದೊಂದು ಒಪ್ಪಿತ ಓದು ಎಂದು ನನಗನ್ನಿಸುತ್ತದೆ. ಅಂಶ, ಛೇದ, ಘಾತ, ಆವರಣ, ವರ್ಗಮೂಲ ಎಲ್ಲಕ್ಕೂ ನಮ್ಮಲ್ಲಿ ಪದಗಳಿವೆ. ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ಹೇಳುವ ಅಭ್ಯಾಸ ಮಾತ್ರ ಇಲ್ಲ. ಆ ಕ್ರಮವನ್ನು ಗಣಿತ ಬಲ್ಲ ಅಂಧರೂ ಮೇಷ್ಟ್ರುಗಳೂ ಕೂತು ಗೊತ್ತುಮಾಡಿದರೆ ಸ್ಕ್ರೈಬ್‌ಗಳಿಗೆ ಕಲಿಸಬಹುದು, ಬಿ.ಇಡಿ. ವಿದ್ಯಾರ್ಥಿಗಳಿಗೆ ಕಲಿಸಬಹುದು, ಕೊನೆಗೆ ಯಂತ್ರಕ್ಕೂ ಕಲಿಸಬಹುದು. ನೆಮೆತ್‌ನ ದಾರಿಯೂ ಮನುಷ್ಯರ ಬಾಯಿಂದಲೇ ಶುರುವಾಗಿತ್ತು.

ನಾವಿಬ್ಬರೂ ನಮ್ಮ ಮಟ್ಟಿಗೆ ಒಂದು ಕ್ರಮ ಮಾಡಿಕೊಂಡೆವು. ಭಿನ್ನ ಶುರು, 'ಮೇಲೆ', 'ಕೆಳಗೆ', ಭಿನ್ನ ಮುಗೀತು. ಹನ್ನೊಂದು ನಿಯಮಗಳಾದವು, ನನ್ನ ಡೈರಿಯ ಹಿಂಬದಿಯಲ್ಲಿ ಇನ್ನೂ ಇವೆ. ಆ ಭಾನುವಾರದ ಪರೀಕ್ಷೆಯಲ್ಲಿ ಅವನ ಹೆಸರು ಬರಲಿಲ್ಲ. ಆ ಒಂದು ಅಂಕದಿಂದಲೇ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಮರುವರ್ಷ ಅವನು ಬೇರೊಂದು ಪರೀಕ್ಷೆ ಬರೆದಾಗ ನಾನು ಊರಲ್ಲಿರಲಿಲ್ಲ. ಸ್ಕ್ರೈಬ್ ಆಗಿ ಹೋಗಲಿದ್ದ ಹೊಸ ಹುಡುಗನಿಗೆ ಹಿಂದಿನ ರಾತ್ರಿ ಫೋನ್ ಮಾಡಿ, ಹನ್ನೊಂದು ನಿಯಮಗಳನ್ನೂ ಒಂದೊಂದಾಗಿ ಓದಿ ಹೇಳಿದೆ. ಅವನು ಬರೆದುಕೊಂಡ.